ಕೈ ಬೀಸಿದವರಿಗೆ ಹತ್ತು ಸಾವಿರ ಹೆಜ್ಜೆ

ಮೊನ್ನೆ ಹಳೇ ಗೆಳೆಯರು ನಾಲ್ಕು ಜನ ಸೇರಿದ್ದೆವು. ಕೂತು ಅರ್ಧ ಗಂಟೆಯೂ ಆಗಿರಲಿಲ್ಲ, ಒಬ್ಬ ಎದ್ದು ನಿಂತು ಎಡಗೈಯನ್ನು ಹಿಂದೆ ಮುಂದೆ ಬೀಸತೊಡಗಿದ. ಮಾತು ನಿಲ್ಲಲಿಲ್ಲ, ಕಾಲು ಕದಲಲಿಲ್ಲ, ಕೈ ಮಾತ್ರ ಉಯ್ಯಾಲೆಯ ಹಾಗೆ ಆಡುತ್ತಿತ್ತು.

"ಭುಜ ಹಿಡ್ಕೊಂಡಿದೆಯೇನೋ?" ಎಂದೆ.

"ಇಲ್ಲ ಕಣೋ, ಇನ್ನೂ 600 ಹೆಜ್ಜೆ ಬಾಕಿ ಇದೆ" ಎಂದ.

ಅವತ್ತಿನಿಂದ ಅವನಿಗೆ ಹೆಜ್ಜೆರಾಯ ಅಂತಲೇ ಹೆಸರು. ಅವನ ಆಫೀಸಿನಲ್ಲಿ ಆರೋಗ್ಯ ಸ್ಪರ್ಧೆ ನಡೆಯುತ್ತಿದೆಯಂತೆ. ದಿನಕ್ಕೆ 10,000 ಹೆಜ್ಜೆ ಹಾಕಿದವರ ಹೆಸರು ಪಟ್ಟಿಯಲ್ಲಿ ಮೇಲೆ ಬರುತ್ತದೆ. ಮೊದಲ ವಾರ ಪಾಪ, ನಿಜವಾಗಿಯೂ ನಡೆದ. ಎರಡನೇ ವಾರ, ಕೈ ಆಡಿದ್ದನ್ನೇ ಹೆಜ್ಜೆ ಎಂದು ಎಣಿಸುವ ತನ್ನ ವಾಚನ್ನು ಮಗನ ಕೈಗೆ ಕಟ್ಟಿದ. ಮಗ ಆ ದಿನ ಮೊಬೈಲ್ ಹಿಡಿದು ಸೋಫಾ ಮೇಲೆ ಕೂತವನು ಸಂಜೆವರೆಗೆ ಏಳಲೇ ಇಲ್ಲ. ಆಮೇಲೆ ನಾಯಿಯ ಕಾಲಿಗೆ ಕಟ್ಟಿದ. ಅದು ಮಂಚದ ಕೆಳಗೆ ಸೇರಿಕೊಂಡು ವಾಚಿನ ಪಟ್ಟಿಯನ್ನು ಅಗಿಯುತ್ತಾ ಮಲಗಿತು. "ನಮ್ಮ ಮನೇಲಿ ಯಾರಿಗೂ ಮೈ ಬಗ್ಗಲ್ಲ" ಎಂದು ಕೈ ಬೀಸುತ್ತಲೇ ಬೇಸರಪಟ್ಟ.

ಪಟ್ಟಿಯಲ್ಲಿ ಮೊದಲ ಸ್ಥಾನ ಯಾರದು ಗೊತ್ತೇ? ಕುರ್ಚಿ ಬಿಟ್ಟು ಏಳದ ಅವರ ಮ್ಯಾನೇಜರದು. ಅವರಿಗೆ ಮೀಟಿಂಗಿನಲ್ಲಿ ಕೈ ಆಡಿಸಿ ಬೈಯುವ ಅಭ್ಯಾಸ. ಬೈದಷ್ಟೂ ಹೆಜ್ಜೆ.

ಈ 10,000 ಎಂಬುದು ಯಾರೋ ದೊಡ್ಡ ಡಾಕ್ಟರು ಬರೆದುಕೊಟ್ಟ ಚೀಟಿ ಎಂದೇ ನಾನೂ ನಂಬಿದ್ದೆ. ಅಲ್ಲವಂತೆ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕಿಟ್ಟಿತು. ಅದರ ಹೆಸರು ಮಾನ್ಪೋಕೇ, ಅಂದರೆ 'ಹತ್ತು ಸಾವಿರ ಹೆಜ್ಜೆ ಮೀಟರ್'. ಜಪಾನಿ ಬರಹದಲ್ಲಿ ಹತ್ತು ಸಾವಿರದ ಅಕ್ಷರ ನಡೆದುಹೋಗುವ ಮನುಷ್ಯನ ಹಾಗೆ ಕಾಣುತ್ತದೆ, ಅದಕ್ಕೇ ಆ ಸಂಖ್ಯೆ ಆರಿಸಿದರು ಅನ್ನುವವರೂ ಇದ್ದಾರೆ. ನಮ್ಮ ಕನ್ನಡದ ೧ ನೋಡಿ, ಕಾಲು ಮಡಚಿ ಮಲಗಿದವನ ಹಾಗಿದೆ. ಆ ಕಂಪನಿ ನಮ್ಮ ಲಿಪಿಯನ್ನು ನಂಬಿದ್ದರೆ ಇಷ್ಟೊತ್ತಿಗೆ ಜಗತ್ತೆಲ್ಲ ಹಾಯಾಗಿ ಗೊರಕೆ ಎಣಿಸುತ್ತಿತ್ತು.

2019ರಲ್ಲಿ ಅಮೆರಿಕದ ಸಂಶೋಧಕರು 16,741 ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿ ನೋಡಿದ್ದರು. ದಿನಕ್ಕೆ ಸುಮಾರು 4,400 ಹೆಜ್ಜೆಗೇ ಒಳ್ಳೆಯ ವ್ಯತ್ಯಾಸ ಕಂಡಿತ್ತು, 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇದನ್ನು ಹೆಜ್ಜೆರಾಯನಿಗೆ ಹೇಳಿದೆ. "ಅದು ಆರೋಗ್ಯದ ಮಾತಾಯ್ತು, ನಾನು ಹೇಳ್ತಿರೋದು ಪಟ್ಟಿಯ ಮಾತು" ಎಂದ.

ಇನ್ನೊಬ್ಬ ಗೆಳೆಯನದು ಬೇರೆ ದಾರಿ. ಅವನು ಡಾಕ್ಯುಮೆಂಟರಿ ನೋಡುತ್ತಾನೆ. ಹಿಮಪರ್ವತ ಹತ್ತುವುದು, ಮರುಭೂಮಿ ದಾಟುವುದು, ಎಲ್ಲ ಮಲಗಿದಲ್ಲೇ. ಹೋದ ವಾರ ಪೆಂಗ್ವಿನ್ ನೋಡಿ ಅತ್ತನಂತೆ. ಎಂಪರರ್ ಪೆಂಗ್ವಿನ್‌ಗಳಲ್ಲಿ ಗಂಡು ಮೊಟ್ಟೆಯನ್ನು ಕಾಲ ಮೇಲಿಟ್ಟುಕೊಂಡು, ಏನೂ ತಿನ್ನದೆ, ಆ ಚಳಿಯಲ್ಲಿ ಎರಡು ತಿಂಗಳು ನಿಲ್ಲುತ್ತದೆ. "ಅಪ್ಪ ಅಂದ್ರೆ ಹಾಗಿರಬೇಕು ಕಣ್ರೋ" ಎಂದು ನಮ್ಮೆದುರೂ ಗಂಟಲು ತುಂಬಿಕೊಂಡ. ಅವನು ಹಾಗೆ ಅಳುತ್ತಿದ್ದಾಗ ಅವನದೇ ಮಗಳು ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದು ಶೂ ಎಲ್ಲಿ ಅಂತ ಬಾಗಿಲಲ್ಲಿ ನಿಂತು ಅಳುತ್ತಿತ್ತಂತೆ. ಹೆಂಡತಿ ಅಡುಗೆಮನೆಯಿಂದಲೇ ಹೇಳಿದ್ದು ಇಷ್ಟೇ: "ಆ ಪೆಂಗ್ವಿನ್‌ಗೆ ರಿಮೋಟ್ ಹಿಡಿಯೋಕೆ ಬೆರಳಿಲ್ಲ, ಅದಕ್ಕೇ ಮಕ್ಕಳನ್ನ ನೋಡ್ಕೊಳ್ಳುತ್ತೆ."

ಈ ಕತೆಯನ್ನು ತಾನೇ ಹೇಳಿಕೊಂಡು ನಕ್ಕ, ಅದು ಅವನ ದೊಡ್ಡ ಗುಣ. ಆಮೇಲೆ ಹೆಜ್ಜೆರಾಯನ ಕಡೆ ತಿರುಗಿ, "ನಿಮ್ಮ ಆಫೀಸಿನವರು ಲೆಮ್ಮಿಂಗ್‌ಗಳ ಹಾಗೆ. ಒಂದು ಹಾರಿದರೆ ಹಿಂಡೆಲ್ಲ ಹಾರಿ ಸಮುದ್ರಕ್ಕೆ ಬಿದ್ದು ಸಾಯ್ತವೆ, ಡಾಕ್ಯುಮೆಂಟರಿಯಲ್ಲೇ ತೋರಿಸಿದ್ದಾರೆ" ಎಂದ.

ಇಲ್ಲಿ ನಾನು ಬಾಯಿ ಹಾಕಲೇಬೇಕಾಯಿತು. ಲೆಮ್ಮಿಂಗ್ ಅಂದರೆ ಹಿಮದ ನಾಡಿನ, ಇಲಿಯಂಥ ಪುಟ್ಟ ಪ್ರಾಣಿ. ಅವು ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ. 1958ರ 'ವೈಟ್ ವೈಲ್ಡರ್‌ನೆಸ್' ಚಿತ್ರಕ್ಕೆ ಅವನ್ನು ಬೇರೆ ಕಡೆಯಿಂದ ಕೊಂಡು ತಂದು, ಕೆನಡಾದ ಆಲ್ಬರ್ಟಾದಲ್ಲಿ ಶೂಟಿಂಗ್ ಮಾಡಿದರು. ಆಲ್ಬರ್ಟಾಕ್ಕೆ ಸಮುದ್ರವೇ ಇಲ್ಲ, ನದಿಯನ್ನೇ ಸಮುದ್ರ ಮಾಡಿದರು. ಇದ್ದ ಕೆಲವೇ ಪ್ರಾಣಿಗಳನ್ನು ಹಿಮ ಹಾಸಿದ ತಿರುಗುವ ಹಲಗೆಯ ಮೇಲೆ ಓಡಿಸಿ ದೊಡ್ಡ ಹಿಂಡಿನ ಹಾಗೆ ತೋರಿಸಿದರು. ಕೊನೆಗೆ ನೀರಿಗೆ ತಳ್ಳಿದ್ದೂ ಮನುಷ್ಯರೇ. ಚಿತ್ರಕ್ಕೆ ಆಸ್ಕರ್ ಬಂತು, ಡಾಕ್ಯುಮೆಂಟರಿ ವಿಭಾಗದಲ್ಲೇ.

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಹೆಜ್ಜೆರಾಯ ಕೈ ಬೀಸುವುದನ್ನು ನಿಲ್ಲಿಸಿ ಕೇಳಿದ: "ಆ ಹಲಗೆ ಮೇಲೆ ಓಡಿದ್ದು ಎಷ್ಟು ಹೆಜ್ಜೆ ಆಗಿರಬಹುದು?"

ಟ್ರೆಡ್‌ಮಿಲ್ ತಗೋ ಮಾರಾಯ, ನಿನಗೇ ಗೊತ್ತಾಗುತ್ತೆ ಎಂದೆ. ಅದೂ ಹಳೇ ಕತೆಯೇ. 1818ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ಜೈಲಿನ ಕೈದಿಗಳಿಗೆಂದು ಮಾಡಿಸಿದ ತುಳಿಯುವ ಚಕ್ರ ಅದರ ಅಜ್ಜ. ಕೈದಿಗಳು ಗಂಟೆಗಟ್ಟಲೆ ತುಳಿಯುತ್ತಿದ್ದರು. ತಿಂಗಳ ಫೀಸು ಮಾತ್ರ ಇರಲಿಲ್ಲ.

ಇಷ್ಟೂ ಹೊತ್ತು ನಮ್ಮ ಗೆಳತಿ ಮಾತಾಡಿರಲಿಲ್ಲ. ಎಂಟು ತಿಂಗಳ ಮಗು ಹೆಗಲ ಮೇಲೆ ಆಗಷ್ಟೇ ನಿದ್ದೆ ಹೋಗಿತ್ತು. ಅವಳ ಕೈಯಲ್ಲೂ ಅಂಥದ್ದೇ ವಾಚು, ಹುಟ್ಟುಹಬ್ಬಕ್ಕೆ ಗಂಡ ಕೊಟ್ಟದ್ದು. ಹೆರಿಗೆ ಆದಮೇಲೆ ಸ್ವಲ್ಪ ಚುರುಕಾಗಿರಲಿ ಅಂತ.

"ಮೊದಲ ವಾರ ನನ್ನ ಲೆಕ್ಕ ದಿನಕ್ಕೆ 900 ದಾಟಲಿಲ್ಲ" ಎಂದಳು ಪಿಸುದನಿಯಲ್ಲಿ. ರಾತ್ರಿಯೆಲ್ಲ ಮಗುವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೋಣೆಯಿಂದ ಹಜಾರಕ್ಕೆ, ಹಜಾರದಿಂದ ಕೋಣೆಗೆ. ಕೈ ಅಲ್ಲಾಡದಿದ್ದರೆ ವಾಚಿನ ಪಾಲಿಗೆ ಕಾಲೂ ಇಲ್ಲ. ಬೆಳಗಿನ ಜಾವ ಎರಡು ಗಂಟೆಗೆ ಮಗು ಕಣ್ಣು ಮುಚ್ಚಿದ ಗಳಿಗೆಯಲ್ಲೇ ಅದು ಜುಂಯ್ ಎಂದು ನಡುಗಿತಂತೆ: ತುಂಬಾ ಹೊತ್ತಿನಿಂದ ಕೂತಿದ್ದೀರಿ, ಎದ್ದು ನಾಲ್ಕು ಹೆಜ್ಜೆ ಹಾಕಿ. ಮಗು ಎದ್ದಿತು. ಪಕ್ಕದ ಕೋಣೆಯಲ್ಲಿ ಗಂಡ ಮಗ್ಗುಲು ಬದಲಿಸಿದ.

"ಆಮೇಲೆ?"

"ಆಮೇಲೆ ವಾಚನ್ನ ಕಾಲಿಗೆ ಕಟ್ಟಿಕೊಂಡೆ. ಒಂದೇ ದಿನಕ್ಕೆ 14,000 ಆಯ್ತು, ಮನೆ ಹೊಸಿಲು ದಾಟದೆ. ಇವರಿಗೆ ತೋರಿಸಿದೆ."

"ಏನಂದ್ರು?"

"ಎರಡು ಸಲ ಕುಲುಕಿ ನೋಡಿದ್ರು. ವಾಚು ಕೆಟ್ಟಿದೆ, ರಿಪೇರಿಗೆ ಕೊಡೋಣ ಅಂದ್ರು."