ಉಜ್ಜದೆ ಬಳಿಯಿರಿ, ಉದುರಿದರೆ ಬಯ್ಯಬೇಡಿ

ಬಣ್ಣದ ಡಬ್ಬಿಯ ಮುಂಭಾಗ ಬರೆಯುವವನು ಬೇರೆ, ಹಿಂಭಾಗ ಬರೆಯುವವನು ಬೇರೆ. ಇಬ್ಬರಿಗೂ ಮಾತುಕತೆ ಇಲ್ಲ ಅಂತ ಕಾಣುತ್ತದೆ. ಮುಂದೆ ದಪ್ಪಕ್ಷರದಲ್ಲಿ: ಯಾವ ಲೋಹಕ್ಕಾದರೂ ನೇರವಾಗಿ ಬಳಿಯಿರಿ, ಉಜ್ಜುವ ಕೆಲಸವೇ ಇಲ್ಲ! ಹಿಂದೆ, ಇರುವೆ ಮಾತ್ರ ಓದಬಹುದಾದ ಅಕ್ಷರದಲ್ಲಿ: ಮೇಲ್ಮೈಯನ್ನು ಸರಿಯಾಗಿ ತಯಾರು ಮಾಡಿರತಕ್ಕದ್ದು. ಇದರ ಫಲ ದೋಣಿ ಇಟ್ಟವರಿಗೆಲ್ಲ ಗೊತ್ತೇ ಇದೆ. ಹಾಯಿ ಕಟ್ಟುವ ಅಲ್ಯೂಮಿನಿಯಂ ಕಂಬಕ್ಕೆ ಬಳಿದ ಬಿಳಿ ಬಣ್ಣ ಒಂದು ಸೀಸನ್ ಮುಗಿಯುವ ಮೊದಲೇ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ.

ಪಾಪ, ಕಂಬದ್ದೇನೂ ತಪ್ಪಿಲ್ಲ. ಉಪ್ಪುನೀರು ತಿನ್ನದಿರಲಿ ಅಂತ ಅದನ್ನು ಆನೊಡೈಜ್ ಮಾಡಿರುತ್ತಾರೆ, ಅಂದರೆ ಗಂಧಕಾಮ್ಲದ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಲೋಹದ ಮೈಯಿಂದಲೇ ಅಲ್ಯೂಮಿನಿಯಂ ಆಕ್ಸೈಡ್ ಪದರ ಬೆಳೆಸಿರುತ್ತಾರೆ. ದೋಣಿಗೆ ಬರುವ ಒಳ್ಳೆ ಮಾಲಿನಲ್ಲಿ ಅದರ ದಪ್ಪ 25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 25 ಪಾಲು) ಇರಬಹುದು. ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಅವನ್ನೂ ಕುದಿಯುವ ನೀರಿನಲ್ಲಿಟ್ಟು ಮುಚ್ಚಿಯೇ ಕಳಿಸುತ್ತಾರೆ. ಒಳಗೆ ಏನೂ ಇಳಿಯಬಾರದು ಅಂತಲೇ ಮುಚ್ಚಿದ್ದು. ನಿಮ್ಮ ಬಣ್ಣವೂ ಇಳಿಯಲಿಲ್ಲ. ಕಂಬ ಮಾತು ಉಳಿಸಿಕೊಂಡಿತು, ಡಬ್ಬಿ ಉಳಿಸಿಕೊಳ್ಳಲಿಲ್ಲ.

ಸರಿ, ಉಜ್ಜೋಣ ಅಂದಿರಾ? ಅಲ್ಲೊಂದು ತಮಾಷೆ ಇದೆ. ಸ್ಯಾಂಡ್ ಪೇಪರ್ ಮೇಲಿನ ಕಾಳು ಎಷ್ಟೋ ಸಲ ಅಲ್ಯೂಮಿನಿಯಂ ಆಕ್ಸೈಡೇ. ಒಂದೇ ಮನೆತನದ ಇಬ್ಬರನ್ನು ಕುಸ್ತಿಗೆ ಬಿಟ್ಟ ಹಾಗೆ. ಮನೆತನವಾದರೂ ಎಂಥದ್ದು! ಮಾಣಿಕ್ಯ ಇದೇ ಆಕ್ಸೈಡ್, ನೀಲಮಣಿಯೂ ಇದೇ. ಚೂರು ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ಈ ಹರಳುಗಳಿಗೆ 10ಕ್ಕೆ 9 ಅಂಕ, ಮೇಲೆ ಕೂತಿರುವುದು ವಜ್ರ ಒಂದೇ. ದೋಣಿಯ ಪದರ ಅಷ್ಟು ಗಟ್ಟಿ ಅಲ್ಲ, ಒಪ್ಪೋಣ. ಆದರೂ ರಾಜವಂಶ ರಾಜವಂಶವೇ ಅಲ್ವಾ? ಅದಕ್ಕೆ ಬಿಳಿ ಬಣ್ಣ ಬಳಿಯಲು ಹೊರಟಿದ್ದೇವೆ. ಯಾಕೆ? ಪಕ್ಕದ ದೋಣಿಯ ಕಂಬ ಬೆಳ್ಳಗಿದೆ.

ಇನ್ನು ಆ ‘ನೇರವಾಗಿ’ ಹೋಗುವ ದಾರಿ. ಮೊದಲು ಉಪ್ಪು ತೊಳೆಯಬೇಕು. ಆಮೇಲೆ ಸಾಲ್ವೆಂಟ್ ಹಾಕಿ ಜಿಡ್ಡು ತೆಗೆಯಬೇಕು. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಕ್ರೂಗಳನ್ನೆಲ್ಲ ಬಿಚ್ಚಬೇಕು. ಅವು ಬಿಚ್ಚುವುದಿಲ್ಲ. ಸ್ಟೀಲು, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದಲ್ಲಿ ಪುಟ್ಟ ಬ್ಯಾಟರಿಯೇ ಶುರುವಾಗಿ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸ್ಕ್ರೂವನ್ನು ಕಚ್ಚಿಕೊಂಡಿರುತ್ತದೆ. ಬಣ್ಣ ಮೊದಲು ಗುಳ್ಳೆ ಏಳುವುದೂ ಅಲ್ಲೇ. ಉಜ್ಜಿ ಬರಿಮೈ ಕಾಣಿಸಿದ ಲೋಹ ಗಾಳಿ ತಾಗಿದೊಡನೆ ಮತ್ತೆ ಆಕ್ಸೈಡ್ ಹೊದ್ದುಕೊಳ್ಳುತ್ತದೆ, ಹಾಗಾಗಿ ಪ್ರೈಮರ್, ಅಂದರೆ ಬಣ್ಣದ ಅಡಿಗೆ ಬಳಿಯುವ ಮೊದಲ ಪದರ, ಅದೇ ದಿನ. ಲೋಹದ ಮೈಯನ್ನು ಆಮ್ಲದಿಂದ ಚೂರು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಹಾಕಿದಿರಾ? ಕೆಲವದರ ಮೇಲೆ ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ಪ್ರೈಮರ್ ಕೂರುವುದಿಲ್ಲ. ಅದನ್ನು ಹೇಳುವುದು ಇನ್ನೊಂದು ಡಬ್ಬಿಯ ಇನ್ನೊಂದು ಇರುವೆ ಅಕ್ಷರ.

ಇಲ್ಲಿಯವರೆಗೆ ನಗಬಹುದು. ಕೊನೆಗೆ ಬಳಿಯುವ ಹೊಳಪಿನ ಪಾಲಿಯುರೆಥೇನ್ ಎರಡು ಡಬ್ಬಿ ಬೆರೆಸಿ ಆಗುವಂಥದ್ದು. ಅದನ್ನು ಗಟ್ಟಿಮಾಡುವ ಎರಡನೇ ಡಬ್ಬಿಯ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡಿದಾಗ ಉಸಿರಿನೊಳಗೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ಮೈಗೆ ಆಗದೆ ಹೋದರೆ ಆಮೇಲೆ ತೀರಾ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ಹಳೆಯ ಹಳದಿ ಜಿಂಕ್ ಕ್ರೋಮೇಟ್ ಪ್ರೈಮರ್ ಉಜ್ಜಿದ ಧೂಳಂತೂ ಕ್ಯಾನ್ಸರ್ ತರುವ ಜಾತಿ. ಸ್ಪ್ರೇ ಗನ್ ಹಿಡಿದವನು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡಿದ್ದಾನೆ. ಅವನಿಗೆ ಇದನ್ನು ಯಾರೂ ಓದಿ ಹೇಳಿಲ್ಲ. ಹೊಳಪಿಗೆ ದಪ್ಪಕ್ಷರ ಸಿಗುತ್ತದೆ, ಅವನ ಶ್ವಾಸಕೋಶಕ್ಕೆ ಸಿಗುವುದಿಲ್ಲ. ನೋಡಿ ನೋಡಿ ಸಾಕಾಗಿದೆ.

ಕಂಬದಲ್ಲಿ ಗುಳಿ ಬಿದ್ದು ಪದರ ತಿಂದುಹೋಗಿದ್ದರೆ ಮಾತು ಬೇರೆ. ಚೆನ್ನಾಗಿದ್ದರೆ ಸುಮ್ನೆ ಸಿಹಿನೀರಲ್ಲಿ ತೊಳೆದು ಬಿಟ್ಟುಬಿಡಿ. ಬಣ್ಣ ಬೇಕು ಅಂತ ಅದೇನೂ ಅರ್ಜಿ ಹಾಕಿಲ್ಲ.