ಎರಡು ಬೇಸ್‌ಮೆಂಟ್ ಇದೆ ಸಾರ್

ಮುಂಬೈಗೆ ಬಂದು ಇಪ್ಪತ್ತೊಂದು ವರ್ಷ ಆಯಿತು. ಮಾಟುಂಗದಲ್ಲಿ ಮನೆ, ಆಫೀಸು ಪರೇಲಿನ ಆಚೆ. ಆದರೂ ಊರು ಅಂದರೆ ನನಗೆ ಮಲ್ಲೇಶ್ವರವೇ. ಅಮ್ಮ ಅಲ್ಲೇ ಇದ್ದಾಳೆ.

ಹೋದ ಸಲ ಹೋದಾಗ ನಮ್ಮ ಕ್ರಾಸಿನ ತಿರುವಿನಲ್ಲಿ ಮೂರು ಹಳೇ ಮನೆಗಳು ಇರಲಿಲ್ಲ. ತಗಡಿನ ಬೇಲಿ, ಒಳಗೆ ದೊಡ್ಡ ಗುಂಡಿ. ಹದಿನಾಲ್ಕು ಮಹಡಿ ಬರುತ್ತದಂತೆ. ಗೇಟಿನ ಹತ್ತಿರ ನಿಂತಿದ್ದ ಸೂಪರ್‌ವೈಸರ್‌ನನ್ನು ಸುಮ್ನೆ ಕೇಳಿದೆ, "ಇಷ್ಟೊಂದು ಜನ ಬಂದರೆ ಓಡಾಟಕ್ಕೆ ಏನಪ್ಪಾ?" ಅವನು ನಕ್ಕು ಹೇಳಿದ: "ಎರಡು ಬೇಸ್‌ಮೆಂಟ್ ಇದೆ ಸಾರ್."

ಕಾರು ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಅವನ ಹತ್ತಿರ ಉತ್ತರ ಇತ್ತು. ಜನ ಹೇಗೆ ಬರುತ್ತಾರೆ ಅನ್ನುವುದಕ್ಕೆ ಇರಲಿಲ್ಲ. ಅವನ ತಪ್ಪಲ್ಲ ಬಿಡಿ. ನಾವೆಲ್ಲ ಕಟ್ಟಡವನ್ನು ಅಳೆಯುವುದೇ ಕಾರಿನ ಲೆಕ್ಕದಲ್ಲಿ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ಪರೇಲಿನಲ್ಲಿ ಕಣ್ಣಾರೆ ನೋಡಿದ್ದೇನೆ. ಅದೊಂದು ಕಾಲಕ್ಕೆ ಬಟ್ಟೆ ಗಿರಣಿಗಳ ಕೇರಿ. 1982ರ ಮುಷ್ಕರ ಆದಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1991ರಲ್ಲಿ ನಿಯಮ ಬದಲಾಗಿ ಆ ಜಮೀನು ಮಾರಾಟಕ್ಕೆ ತೆರೆಯಿತು. ಚಿಮಣಿ ಇದ್ದಲ್ಲಿ ಗಾಜಿನ ಟವರು, ಮಾಲು, ಬ್ಯಾಂಕಿನ ಆಫೀಸು. ಮೇಲಿನ ಫ್ಲ್ಯಾಟಿನವರು ಕಾರಿನಲ್ಲಿ ಹೋದರು, ನಿಜ. ಆದರೆ ಆಫೀಸಿನ ಗುಮಾಸ್ತ, ಸೆಕ್ಯುರಿಟಿ, ಅಡುಗೆಯಾಕೆ, ಹೌಸ್‌ಕೀಪಿಂಗ್ ಹುಡುಗ, ಇವರೆಲ್ಲ ಬಂದಿದ್ದು ಲೋಕಲ್ ಗಾಡಿಯಲ್ಲಿ. ಇಳಿದವರು ದಾಟಬೇಕಾಗಿದ್ದು ಗಿರಣಿ ಕಾಲದ ಅದೇ ಕಿರಿದಾದ ಪಾದಚಾರಿ ಸೇತುವೆಯನ್ನು.

ನಾನೂ ದಿನಾ ದಾಟುತ್ತಿದ್ದೆ. ಪರೇಲಿನಲ್ಲಿ ಇಳಿದು ಪಕ್ಕದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ (ಈಗಿನ ಪ್ರಭಾದೇವಿ) ಕಡೆಗೆ. ಬೆಳಗ್ಗೆ ಹತ್ತರ ಹೊತ್ತಿಗೆ ಮೆಟ್ಟಿಲಿಗೆ ನಾವಾಗಿ ಕಾಲಿಡುತ್ತಿರಲಿಲ್ಲ, ಹಿಂದಿನವರೇ ಇಡಿಸುತ್ತಿದ್ದರು. ಬ್ಯಾಗನ್ನು ಎದೆಗೆ ಕಟ್ಟಿಕೊಂಡು ಮುಂದಿನವನ ಬೆನ್ನಿನ ಬೆವರು ನೋಡುತ್ತಾ ಹೋಗುವುದು. 2017ರ ಸೆಪ್ಟೆಂಬರ್ 29, ಬೆಳಗ್ಗೆ ಜೋರು ಮಳೆ. ಮಳೆಗೆ ನಿಂತವರು ಕೆಳಗೆ ಇಳಿಯಲಿಲ್ಲ, ಗಾಡಿಗಳು ಬರುತ್ತಲೇ ಇದ್ದವು. ಆ ಮೆಟ್ಟಿಲ ಮೇಲಿನ ನೂಕುನುಗ್ಗಲಿನಲ್ಲಿ 23 ಜನ ಸತ್ತರು. ನಾನು ಆಯುಧಪೂಜೆ ಅಂತ ರಜೆ ಹಾಕಿ ಮನೆಯಲ್ಲಿ ಸ್ಕೂಟರ್ ತೊಳೆಯುತ್ತಿದ್ದೆ. ಆಮೇಲೆ ಸೈನ್ಯದವರನ್ನು ಕರೆಸಿ ಹೊಸ ಸೇತುವೆ ಹಾಕಿಸಿದರು. ಐದೇ ತಿಂಗಳಲ್ಲಿ ಮುಗಿಯಿತು. ಐದು ತಿಂಗಳ ಕೆಲಸಕ್ಕೆ ಇಪ್ಪತ್ತು ವರ್ಷ ಕಾದಿದ್ದರು.

ಮುಂಬೈಯನ್ನು ಬೈಯಲಿಕ್ಕೆ ಇದನ್ನು ಹೇಳುತ್ತಿಲ್ಲ. ಇಲ್ಲಿ 1853ರಿಂದ ರೈಲು ಓಡುತ್ತಿದೆ. ಟವರು ಬರುವ ಮುಂಚೆಯೇ ಗಾಡಿ ಇತ್ತು, ಆದರೂ ಉಸಿರು ಕಟ್ಟಿತು. ಬೆಂಗಳೂರಿನಲ್ಲಿ ಮೆಟ್ರೋ ಬಂದಿದ್ದೇ 2011ರಲ್ಲಿ. ಮೂರು ಬೋಗಿ ಇಟ್ಟುಕೊಂಡು ಶುರು ಮಾಡಿ, ಆರಕ್ಕೆ ಕೈಹಾಕಿದ್ದು 2018ರಲ್ಲಿ. ಉಪನಗರ ರೈಲಿನ ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ ಅಂತ ಚೆಂದದ ಹೆಸರಿಟ್ಟಿದ್ದಾರೆ. 2022ರಲ್ಲಿ ಅಡಿಗಲ್ಲು ಆಯಿತು, ಹೂವು ಇನ್ನೂ ಬಿಟ್ಟಿಲ್ಲ.

ಮಲ್ಲೇಶ್ವರಕ್ಕೆ ಮೆಟ್ರೋ ಇದೆಯಲ್ಲ ಅನ್ನುತ್ತೀರಿ. ಇದೆ, ಬಡಾವಣೆಯ ಒಂದು ತುದಿಯಲ್ಲಿ. ಸಂಪಿಗೆ ರಸ್ತೆ ನಿಲ್ದಾಣದಿಂದ ಹದಿನೆಂಟನೇ ಕ್ರಾಸಿಗೆ ಎರಡು ಕಿಲೋಮೀಟರಿಗೂ ಜಾಸ್ತಿ. ಆಟೋದವರಿಗೆ ಅದು ತೀರಾ ಹತ್ತಿರ, ಮೊಣಕಾಲು ನೋವಿರುವ ಅಮ್ಮನಿಗೆ ತೀರಾ ದೂರ. ಎಂಟನೇ ಕ್ರಾಸಿನಲ್ಲಿ ಅವಳ ಜೊತೆ ನಡೆದು ನೋಡಿದೆ. ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದು ಕೈ ನನ್ನ ಭುಜದ ಮೇಲೆ. ಹೂವಿನ ಬುಟ್ಟಿ, ನಿಂತ ಬೈಕು, ಮೇಲೆದ್ದ ಕಲ್ಲುಚಪ್ಪಡಿ. ಮೂರು ಸಲ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದಳು. ಇಳಿದಾಗಲೆಲ್ಲ ಹಿಂದಿನಿಂದ ಹಾರ್ನು.

ಮಹಡಿ ಏರಿಸಬೇಡಿ ಅಂತ ನಾನು ಹೇಳುವುದಿಲ್ಲ. ಊರು ಆನೇಕಲ್ಲು, ನೆಲಮಂಗಲದವರೆಗೆ ಹಬ್ಬುವುದಕ್ಕಿಂತ ಒಳಗೇ ಬೆಳೆಯುವುದು ಮೇಲು. ಹಳೇ ಮನೆ ಹೋಯಿತು ಅಂತ ನನಗೂ ಹೊಟ್ಟೆ ಉರಿಯುತ್ತದೆ, ಆದರೆ ಮುಂಬೈಯಲ್ಲಿ ಕೂತು ಮಲ್ಲೇಶ್ವರ ಬದಲಾಗಬಾರದು ಅನ್ನಲು ನಾನ್ಯಾರು? ಕೇಳುವುದು ಇಷ್ಟೇ. ಹೆಚ್ಚುವರಿ ಮಹಡಿಗೆ ಬಿಲ್ಡರ್ ಕಟ್ಟುವ ದುಡ್ಡು ಅದೇ ವಾರ್ಡಿನ ರಸ್ತೆಗೆ ಬರಲಿ. ಕ್ರಾಸುಗಳನ್ನು ಸುತ್ತಿ ನಿಲ್ದಾಣ ಮುಟ್ಟುವ ಸಣ್ಣ ಬಸ್ಸು, ಹತ್ತು ನಿಮಿಷಕ್ಕೊಂದು. ಇನ್ನೊಂದು ಸಂಗತಿ. ಮಲ್ಲೇಶ್ವರದ ಮನೆಗಳ ಹಿಂದೆ ಹಳೇ ಕನ್ಸರ್ವೆನ್ಸಿ ಓಣಿಗಳಿವೆ. 1898ರ ಪ್ಲೇಗಿನ ನಂತರ ಬಡಾವಣೆ ಕಟ್ಟಿದವರು ಜಾಡಮಾಲಿಗಳು ಓಡಾಡಲಿ ಅಂತ ಬಿಟ್ಟ ಜಾಗ. ದೀಪ ಹಾಕಿ, ಬೈಕು ನುಗ್ಗದ ಹಾಗೆ ಎರಡು ಕಂಬ ನೆಟ್ಟರೆ ನಡೆಯಲು ಅದಕ್ಕಿಂತ ಒಳ್ಳೇ ದಾರಿ ಬೇಕಾ?

ವಾಪಸ್ ಹೊರಡುವ ದಿನ ಮತ್ತೆ ಆ ತಿರುವಿಗೆ ಹೋದೆ. ಅಲ್ಲೊಂದು ಬಸ್ ಸ್ಟಾಪಿತ್ತು, ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದ್ದು. ಕಂಬ ಇನ್ನೂ ಇದೆ. ತಗಡಿನ ಬೇಲಿ ಅದನ್ನೂ ಒಳಗೆ ಸೇರಿಸಿಕೊಂಡಿದೆ, ಬುಡದಲ್ಲಿ ಸಿಮೆಂಟ್ ಮೂಟೆ. ಬಸ್ಸಿಗೆ ಕಾಯುವವರು ರಸ್ತೆ ಮೇಲೇ ನಿಂತಿದ್ದರು.