ಹಬ್ಬದ ಅನ್ನ ಉಳಿಯಿತು, ದಿನದ ಸೊಪ್ಪು ಹೋಯಿತು

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಲಂಡನ್ನಿನ ಪೆಕ್‌ಹ್ಯಾಮ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನೈಜೀರಿಯಾದ ಅಜ್ಜಿಯೊಬ್ಬರಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ. ಊಟದ ಬಗ್ಗೆ ಸಲಹೆ ಕೇಳಲು ಹೋದಾಗ ಜೊತೆಗೆ ನಾನೂ ಇದ್ದೆ. ಸಲಹೆ ಕೊಡುವವರು ಮುಖ ನೋಡಿದ್ದೇ ತಡ, "ಆಫ್ರಿಕನ್ ಊಟ ಕಡಿಮೆ ಮಾಡಿ" ಎಂದರು. ಯಾವ ಊಟ, ಎಷ್ಟು, ಯಾವ ಹೊತ್ತಿಗೆ ಎಂದು ಒಂದು ಮಾತೂ ಕೇಳಲಿಲ್ಲ!

ನಾನು ಹೇಳುತ್ತೇನೆ, ಕೇಳಿ. ಅಜ್ಜಿ ನೈಜೀರಿಯಾದ ಇಬಾದಾನ್ ಊರಿನ, ಯೊರುಬಾ ಜನಾಂಗದ ಹೆಂಗಸು. ಅವರ ಊಟ ಅಮಲಾ. ಒಣಗಿಸಿದ ಯಾಮ್ ಗೆಡ್ಡೆಯ ಹಿಟ್ಟನ್ನು ಕುದಿನೀರಿಗೆ ಹಾಕಿ ತೊಳಸಿದ ಕಂದು ಉಂಡೆ. ಮಂಡ್ಯದವಳಾದ ನನ್ನ ಕಣ್ಣಿಗೆ ಥೇಟ್ ರಾಗಿ ಮುದ್ದೆ. ತಿನ್ನುವ ಕ್ರಮವೂ ಅದೇ, ಅಗಿಯದೆ ನುಂಗುವುದು. ಅದರ ಜೊತೆಗೆ ಎವೆಡು. ಸೆಣಬಿನ ಜಾತಿಯ ಎಳೆ ಎಲೆಗಳನ್ನು ಬೇಯಿಸಿ, ಪಾತ್ರೆಯೊಳಗೇ ಕಡ್ಡಿಯ ಪುಟ್ಟ ಪೊರಕೆಯಿಂದ ಬಡಿದು ಬಡಿದು ಲೋಳೆ ಬರಿಸುತ್ತಾರೆ. "ಇರು" ಎಂಬ ಹುದುಗಿಸಿದ ಬೀಜದ ಘಾಟು ಮೆಟ್ಟಿಲ ತನಕ ಬರುತ್ತದೆ. ಇನ್ನೊಂದು ಬಟ್ಟಲಲ್ಲಿ ಸಿಪ್ಪೆ ತೆಗೆದ ಅಲಸಂದೆಯ ಸಾರು. ಸೊಪ್ಪು, ಕಾಳು, ಮುದ್ದೆ! ಇದನ್ನು ಬಿಡಬೇಕಂತೆ.

ಅಮಲಾದಲ್ಲಿ ಪಿಷ್ಟ ಹೆಚ್ಚು ಎನ್ನುತ್ತೀರಿ. ಸರಿ, ಉಂಡೆ ಚಿಕ್ಕದು ಮಾಡಲು ಹೇಳಿ. ಸೊಪ್ಪಿನ ಬಟ್ಟಲನ್ನು ಯಾಕೆ ಕಿತ್ತುಕೊಳ್ಳುತ್ತೀರಿ?

ಅಸಲಿಗೆ ಆ ಮನೆಯಲ್ಲಿ ಊಟ ಬದಲಾಗಿರುವುದು ಅಜ್ಜಿಯ ತಟ್ಟೆಯಲ್ಲಲ್ಲ. ಮಗಳು ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಭಾನುವಾರ ದೊಡ್ಡ ಪಾತ್ರೆ ತುಂಬ ಟೊಮೆಟೊ ಗೊಜ್ಜು ಮಾಡಿ ಫ್ರೀಜರ್‌ಗೆ ತುಂಬಿಸಿಟ್ಟರೆ ವಾರ ಕಳೆಯಬೇಕು. ಮೊಮ್ಮಕ್ಕಳು ಶಾಲೆಯಿಂದ ಬರುವ ದಾರಿಯುದ್ದಕ್ಕೂ ಕರಿದ ಕೋಳಿಯ ಅಂಗಡಿಗಳು. ಮನೆಗೆ ಬಂದರೆ ಆ ಗೊಜ್ಜಿನಲ್ಲಿ ಬೇಯಿಸಿದ ಜೊಲೊಫ್ ಅನ್ನ, ಕರಿದ ಬಾಳೆಕಾಯಿ. ಇಲ್ಲವೇ ಇಂಡೊಮಿ ಎಂಬ ದಿಢೀರ್ ನೂಡಲ್ಸ್. ಲಂಡನ್ನೇ ಕೆಡಿಸಿತು ಎನ್ನುವವರಿಗೂ ಹೇಳುತ್ತೇನೆ: ಆ ನೂಡಲ್ಸ್ 1988ರಲ್ಲೇ ನೈಜೀರಿಯಾಕ್ಕೆ ಬಂತು, 1995ರಲ್ಲಿ ಅಲ್ಲೇ ಕಾರ್ಖಾನೆಯೂ ಆಯಿತು.

ನನ್ನನ್ನು ಕಾಡುವುದು ಇದು. ಅಜ್ಜಿಯ ಬಾಲ್ಯದಲ್ಲಿ ಅನ್ನವೆಂದರೆ ಕ್ರಿಸ್‌ಮಸ್ಸಿಗೆ, ಮದುವೆಗೆ. ಮೊಮ್ಮಕ್ಕಳಿಗೆ ಅದೇ ದಿನದ ಊಟ. ಹಬ್ಬದಡುಗೆ ಸಮುದ್ರ ದಾಟಿ ಮೂರನೆಯ ತಲೆಮಾರಿಗೆ ಬಂತು, ದಿನದ ಸೊಪ್ಪುಸಾರು ಅಜ್ಜಿಯ ಬಳಿಯೇ ನಿಂತಿತು. ಆಮೇಲೆ ಆ ಹಬ್ಬದಡುಗೆಯನ್ನೇ "ಆಫ್ರಿಕನ್ ಊಟ" ಎಂದು ಹೆಸರಿಸಿ, ಕಾಯಿಲೆಯ ಅಪವಾದವನ್ನು ಅಜ್ಜಿಯ ಎವೆಡುವಿನ ಮೇಲೆ ಹೊರಿಸುವುದು ಯಾವ ನ್ಯಾಯ?

ನಮ್ಮವರೇನು ಕಡಿಮೆ? ಇಲ್ಲಿ ಹುಟ್ಟಿದ ಕನ್ನಡದ ಮಕ್ಕಳಿಗೆ ಮಸಾಲೆ ದೋಸೆ ಗೊತ್ತು, ಬಿಸಿಬೇಳೆ ಬಾತ್ ಗೊತ್ತು. ಬಸ್ಸಾರು ಎಂದರೆ ಮುಖ ನೋಡುತ್ತಾರೆ. ರಾಗಿಯೂ ಅಲಸಂದೆಯೂ ಆಫ್ರಿಕಾದಿಂದಲೇ ನಮ್ಮ ಹೊಲಗಳಿಗೆ ಬಂದವು. ಅವನ್ನು ಬಿಟ್ಟುಕೊಡುವುದರಲ್ಲೂ ನಾವು ಅವರ ಜೊತೆಗೇ ಇದ್ದೇವೆ.

"ಮಕ್ಕಳಿಗೆ ರುಚಿಸದಿದ್ದರೆ ಬಲವಂತ ಮಾಡಲಾಗುತ್ತದೆಯೇ?" ಎಂದು ಗೆಳತಿಯೊಬ್ಬಳು ಕೇಳಿದಳು. ರುಚಿ ಆಕಾಶದಿಂದ ಉದುರುವುದಿಲ್ಲ, ಪುಣ್ಯಾತ್ಗಿತ್ತಿ! ಬಡಿಸಿದ್ದೇ ರುಚಿಯಾಗುತ್ತದೆ. ರಾತ್ರಿ ಪಾಳಿಯ ತಾಯಿಗೆ ಸೊಪ್ಪು ಬಿಡಿಸಲು ಹೊತ್ತಿಲ್ಲ. ಅದಕ್ಕೆ ಮಕ್ಕಳ ನಾಲಿಗೆಯನ್ನು ದೂರಬೇಡ.

2023ರ ಸೆಪ್ಟೆಂಬರಿನಿಂದ ಲಂಡನ್ನಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ. ಅಕ್ಟೋಬರಿನಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು ಬಂದಾಗ ಒಂದು ದಿನ ಜೊಲೊಫ್ ಬಡಿಸಿ ಫೋಟೊ ತೆಗೆದರೆ ಸಾಲದು. ಯಾವುದೋ ಒಂದು ಬುಧವಾರ, ಯಾವ ಆಚರಣೆಯೂ ಇಲ್ಲದ ದಿನ, ಅಲಸಂದೆ ಸಾರು ಮತ್ತು ಸೊಪ್ಪು ಬಡಿಸಿ. ಮುಂದಿನ ವಾರವೂ ಬಡಿಸಿ. ನಮ್ಮ ಬೀದಿಯ ಶಾಲೆಗೆ ಈ ಮಾತನ್ನೇ ಪತ್ರದಲ್ಲಿ ಬರೆದಿದ್ದೇನೆ, ಅಜ್ಜಿಯೂ ಸಹಿ ಹಾಕಿದ್ದಾರೆ. ಇಲ್ಲಿರುವ ಸ್ನೇಹಿತರೇ, ನಿಮ್ಮ ಮಕ್ಕಳ ಶಾಲೆಗೂ ಬರೆಯಿರಿ.